ಒಂದು ಚೌಕದಿಂದ ಉಲ್ಲನ್ ಮೊಲ: ಮೊದಲ ಸಲ ಕಡ್ಡಿ ಹಿಡಿಯುವವರಿಗೆ

ಮುಂಬೈಯಲ್ಲಿದ್ದುಕೊಂಡು ಹೆಣಿಗೆ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೇ. ಸ್ವೆಟರ್ ಬೇಡ, ಮಫ್ಲರ್ ಬೇಡ, ಬೊಂಬೆಯಿಂದ ಶುರು ಮಾಡಿ. ಊರಿಂದ ಅಜ್ಜಿ ಹೆಣೆದು ಕಳಿಸಿದ ಸ್ವೆಟರ್ ನಮ್ಮಲ್ಲಿ ಎಷ್ಟೋ ಮನೆಗಳ ಕಪಾಟಿನಲ್ಲಿ ನುಸಿಗುಳಿಗೆ ಜೊತೆ ಹಾಗೇ ಇರುತ್ತದೆ, ಯಾಕಂದ್ರೆ ಬೆಳಗಾವಿಯಲ್ಲೋ ಧಾರವಾಡದಲ್ಲೋ ಬೀಳುವ ಚಳಿ ಡೊಂಬಿವಲಿಯಲ್ಲಿ ಬೀಳುವುದಿಲ್ಲ. ಪುಣೆಯವರಿಗಾದರೂ ಡಿಸೆಂಬರ್, ಜನವರಿ ಇದೆ. ಬೊಂಬೆಗೆ ಹವಾಮಾನದ ಹಂಗಿಲ್ಲ. ಮೈಗೆ ಸರಿ ಬಂತಾ, ತೋಳು ಉದ್ದ ಆಯ್ತಾ ಅನ್ನುವ ಚಿಂತೆಯೂ ಇಲ್ಲ. ಒಂದು ಸೆಂಟಿಮೀಟರ್ ಹೆಚ್ಚು ಕಡಿಮೆ ಆದರೆ ಮೊಲ ಸ್ವಲ್ಪ ದಪ್ಪ ಆಗುತ್ತದೆ, ಅಷ್ಟೇ ಅಲ್ವಾ.

ಆದರೆ ಯಾವ ಬೊಂಬೆ ಅನ್ನುವುದು ಮುಖ್ಯ. ತಲೆ ಬೇರೆ, ಮೈ ಬೇರೆ, ನಾಲ್ಕು ಕಾಲು ಬೇರೆ ಬೇರೆ ಹೆಣೆದು ಜೋಡಿಸುವ ಕರಡಿ ನೋಡಲು ಚೆಂದ. ಅದಕ್ಕೆ ಕುಣಿಕೆ ಹೆಚ್ಚಿಸುವುದು, ಇಳಿಸುವುದು, ಗುಂಡಗೆ ಹೆಣೆಯುವುದು ಎಲ್ಲ ಗೊತ್ತಿರಬೇಕು. ಮೊದಲ ಸಲ ಹೆಣೆಯುವವರು ಅದಕ್ಕೆ ಕೈ ಹಾಕಿದರೆ ಒಂದು ಕಾಲು ಮುಗಿಯುವಷ್ಟರಲ್ಲಿ ಉತ್ಸಾಹ ಇಳಿದಿರುತ್ತದೆ. ಇಲ್ಲಿ ಹೇಳುವ ಮೊಲಕ್ಕೆ ಒಂದೇ ಒಂದು ಚೌಕ ಸಾಕು. ಒಂದೇ ಬಗೆಯ ಹೆಣಿಗೆ, ಮೊದಲಿಂದ ಕೊನೆವರೆಗೆ. ಮೊಲ ಆಗುವುದು ಕಡ್ಡಿಯ ಮೇಲೆ ಅಲ್ಲ, ಆಮೇಲೆ ಹೊಲಿಯುವಾಗ. ಹಾಗಾಗಿ ಹೆಣಿಗೆ ಸ್ವಲ್ಪ ಓರೆಕೋರೆ ಆದರೂ ತಲೆ ಕೆಡಿಸಿಕೊಳ್ಳಬೇಡಿ. ಹೊಲಿಗೆಗೆ ಮತ್ತು ತುಂಬುವುದಕ್ಕೆ ಮಾತ್ರ ಪೂರ್ತಿ ಗಮನ ಕೊಡಿ.

ಏನೇನು ಬೇಕು

ಉಲ್ಲನ್ ಅಂದರೆ ಇಲ್ಲಿ ಅಕ್ರಿಲಿಕ್ ದಾರ. ಕುರಿ ಉಣ್ಣೆ ಬೇಡ. ಅಕ್ರಿಲಿಕ್ ಅಗ್ಗ, ಒಗೆಯಬಹುದು, ಬೇಗ ಒಣಗುತ್ತದೆ, ಹುಳ ಹಿಡಿಯುವುದಿಲ್ಲ. ಮುಂಬೈ ಮಳೆಗಾಲಕ್ಕೆ ಇದೇ ಸರಿ. 50 ಗ್ರಾಂನ ಒಂದು ಉಂಡೆ ಸಾಕು, ಉಳಿಯುತ್ತದೆ ಕೂಡ. ದಪ್ಪ ಎಷ್ಟಿರಬೇಕು ಅಂದರೆ ಲೇಬಲ್ ಮೇಲೆ ಡಿಕೆ ಅಥವಾ 8 ಪ್ಲೈ ಅಂತ ಇರುವುದು. ವರ್ಧಮಾನ್, ಓಸ್ವಾಲ್, ಗಂಗಾ ಇಂಥ ಹೆಸರುಗಳು ಎಲ್ಲ ಕಡೆ ಸಿಗುತ್ತವೆ. ಬಣ್ಣ ತಿಳಿಯಾಗಿರಲಿ: ಕೆನೆ, ತಿಳಿ ಹಳದಿ, ತಿಳಿ ನೀಲಿ. ಕಪ್ಪು ಅಥವಾ ಗಾಢ ನೀಲಿ ತಂದರೆ ರಾತ್ರಿ ಟ್ಯೂಬ್‌ಲೈಟಿನಲ್ಲಿ ಕುಣಿಕೆಗಳೇ ಕಾಣುವುದಿಲ್ಲ. ತುಪ್ಪಳದಂತೆ ನವಿರು ಎದ್ದಿರುವ ದಾರವೂ ಬೇಡ. ಅಂಗಡಿಯಲ್ಲಿ ಮುಟ್ಟಿದರೆ ಬಿಡಲು ಮನಸ್ಸು ಬರುವುದಿಲ್ಲ, ನಿಜ, ಆದರೆ ಅದರಲ್ಲಿ ತಪ್ಪಿದರೆ ಬಿಚ್ಚುವುದು ಬಹಳ ಕಷ್ಟ.

ಕಡ್ಡಿ 10 ನಂಬರ್, ಅಂದರೆ 3.25 ಮಿಲಿಮೀಟರ್. ಈ ದಪ್ಪದ ಉಲ್ಲನ್‌ಗೆ ಸ್ವೆಟರ್ ಆದರೆ 8 ನಂಬರ್, ಅಂದರೆ 4 ಮಿಲಿಮೀಟರ್ ಕಡ್ಡಿ ಹಿಡಿಯುತ್ತಾರೆ. ಬೊಂಬೆಗೆ ಸಣ್ಣ ಕಡ್ಡಿ ಬೇಕು. ಯಾಕಂದ್ರೆ ಹೆಣಿಗೆ ಒತ್ತಾಗಿ ಬಂದರೆ ಮಾತ್ರ ಒಳಗೆ ತುಂಬಿದ್ದು ಹೊರಗೆ ಇಣುಕುವುದಿಲ್ಲ. ಈ ನಂಬರ್ ಲೆಕ್ಕ ತಿರುವುಮುರುವು: ನಂಬರ್ ಜಾಸ್ತಿ ಆದಷ್ಟೂ ಕಡ್ಡಿ ಸಣ್ಣ. ಪೋನಿ ಕಂಪನಿಯ ಅಲ್ಯುಮಿನಿಯಂ ಕಡ್ಡಿಗಳು ಸುಲಭವಾಗಿ ಸಿಗುತ್ತವೆ. ಬಿದಿರಿನ ಕಡ್ಡಿ ಸಿಕ್ಕರೆ ಮೊದಲ ಸಲಕ್ಕೆ ಅದೇ ಒಳ್ಳೆಯದು, ಕುಣಿಕೆ ಬೇಗ ಜಾರುವುದಿಲ್ಲ. ಆದರೆ ಮೇ ತಿಂಗಳಲ್ಲಿ ಕೈ ಬೆವರುವಾಗ ಬಿದಿರಿನ ಮೇಲೆ ಅಕ್ರಿಲಿಕ್ ಅಂಟಿದ ಹಾಗೆ ಆಗುತ್ತದೆ. ಆಗ ಲೋಹದ ಕಡ್ಡಿಯೇ ವಾಸಿ.

ಇದರ ಜೊತೆ ಮೊಂಡು ಮೊನೆಯ ಒಂದು ದಬ್ಬಣ, ಉಲ್ಲನ್ ತೂರುವಷ್ಟು ದೊಡ್ಡ ಕಣ್ಣಿನದು. ಕತ್ತರಿ. ಕಣ್ಣು ಮೂಗಿಗೆ ಒಂದಷ್ಟು ಕಪ್ಪು ಉಲ್ಲನ್. ಒಂದೆರಡು ಸೇಫ್ಟಿ ಪಿನ್. ತುಂಬಲು ದಿಂಬಿಗೆ ಹಾಕುವ ಫೈಬರ್. ಗಾದಿ ಅಂಗಡಿಯವರು ಇದನ್ನು ರೆಕ್ರಾನ್ ಅಂತಲೇ ಕರೆಯುತ್ತಾರೆ, ತೂಕದ ಲೆಕ್ಕದಲ್ಲಿ ಕೊಡುತ್ತಾರೆ. 100 ಗ್ರಾಂ ತಂದರೆ ಈ ಮೊಲಕ್ಕೆ ಬಳಸಿ ಇನ್ನೂ ಮಿಗುತ್ತದೆ.

ಎಲ್ಲಿ ಸಿಗುತ್ತದೆ ಅಂತ ಕೇಳಿದರೆ, ಮೊದಲು ನಿಮ್ಮ ಮನೆ ಹತ್ತಿರದ ಮ್ಯಾಚಿಂಗ್ ಸೆಂಟರ್‌ನಲ್ಲಿ ವಿಚಾರಿಸಿ. ಫಾಲ್ಸ್, ಲೈನಿಂಗ್ ಮಾರುವವರಲ್ಲಿ ಎಷ್ಟೋ ಜನ ಮೇಲಿನ ಕಪಾಟಿನಲ್ಲಿ ಉಲ್ಲನ್ ಇಟ್ಟಿರುತ್ತಾರೆ, ಕೇಳುವವರಿಲ್ಲದೆ ಕಣ್ಣಿಗೆ ಬೀಳುವ ಹಾಗೆ ಇಡುವುದಿಲ್ಲ. ಅಲ್ಲಿ ಸಿಗದಿದ್ದರೆ ಕ್ರಾಫರ್ಡ್ ಮಾರ್ಕೆಟ್ ಕಡೆ, ಅಬ್ದುಲ್ ರೆಹಮಾನ್ ಸ್ಟ್ರೀಟ್ ಸುತ್ತಮುತ್ತ. ಪುಣೆಯವರಾದರೆ ತುಳಶೀಬಾಗ್. ಅಂಗಡಿಯವರು ಮರಾಠಿಯವರಾದರೆ ಲೋಕರ್ ಅಂತ ಕೇಳಿ, ಕಡ್ಡಿಗೆ 'ದಹಾ ನಂಬರ್‌ಚ್ಯಾ ಸುಯಾ' ಅನ್ನಿ, ತಕ್ಷಣ ತೆಗೆದುಕೊಡುತ್ತಾರೆ.

ಕುಣಿಕೆ ಹಾಕುವುದು, ಹೆಣೆಯುವುದು

ಕುಣಿಕೆ ಹಾಕಲು ಬೇರೆ ಬೇರೆ ದಾರಿಗಳಿವೆ. ಹೊಸಬರು ಹೆಣಿಗೆಯ ಕೈ ಚಲನೆಯಿಂದಲೇ ಕುಣಿಕೆ ಹಾಕುವುದನ್ನು ಕಲಿಯಲಿ ಅನ್ನುವುದು ನನ್ನ ಅಭಿಪ್ರಾಯ, ಏಕೆಂದರೆ ಒಂದೇ ಕೆಲಸ ಕಲಿತರೆ ಎರಡೂ ಬಂದಂತೆ.

ದಾರದ ತುದಿಯಲ್ಲಿ ಒಂದು ಗೇಣು ಬಿಟ್ಟು ಜಾರುಗಂಟು ಹಾಕಿ. ಅದನ್ನು ಎಡಗೈ ಕಡ್ಡಿಗೆ ಏರಿಸಿ, ತೀರ ಬಿಗಿ ಮಾಡಬೇಡಿ. ಉಂಡೆ ಕಡೆಯ ದಾರ ಕಡ್ಡಿಯ ಹಿಂದೆ ಇರಲಿ. ಈಗ ಬಲಗೈ ಕಡ್ಡಿಯ ಮೊನೆಯನ್ನು ಆ ಕುಣಿಕೆಯೊಳಗೆ ಎಡದಿಂದ ಬಲಕ್ಕೆ, ಮುಂದಿನಿಂದ ಹಿಂದಕ್ಕೆ ತೂರಿಸಿ. ಎರಡು ಕಡ್ಡಿಗಳೂ ಅಡ್ಡಡ್ಡ ನಿಲ್ಲುತ್ತವೆ, ಬಲಗೈಯದು ಹಿಂದೆ. ದಾರವನ್ನು ಹಿಂದಿನ ಕಡ್ಡಿಯ ಮೊನೆಗೆ ಒಂದು ಸುತ್ತು ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಎದುರಾಗಿ. ಆ ಸುತ್ತನ್ನು ಮೊನೆಯಲ್ಲೇ ಹಿಡಿದು ಹಳೆ ಕುಣಿಕೆಯ ಒಳಗಿಂದ ಮುಂದಕ್ಕೆ ಎಳೆಯಿರಿ. ಹೊಸ ಕುಣಿಕೆ ಹುಟ್ಟಿತು. ಅದನ್ನು ಎಡಗೈ ಕಡ್ಡಿಗೇ ಏರಿಸಿಬಿಡಿ. ಹಳೆಯದೂ ಅಲ್ಲೇ ಇರುತ್ತದೆ. ಈಗ ಎರಡಾಯಿತು. ಹೊಸದರೊಳಗೆ ಮತ್ತೆ ತೂರಿಸಿ, ಸುತ್ತಿ, ಎಳೆದು, ಏರಿಸಿ. ಹೀಗೆ 40 ಆಗುವವರೆಗೆ.

ಹೆಣೆಯುವುದೂ ಇದೇ. ವ್ಯತ್ಯಾಸ ಕೊನೆಯಲ್ಲಿ ಮಾತ್ರ. ಹೊಸ ಕುಣಿಕೆಯನ್ನು ಎಡಕ್ಕೆ ಏರಿಸದೆ ಬಲಗೈ ಕಡ್ಡಿಯ ಮೇಲೇ ಉಳಿಸಿಕೊಳ್ಳಿ, ಹಳೆ ಕುಣಿಕೆಯನ್ನು ಎಡ ಕಡ್ಡಿಯಿಂದ ಜಾರಿಸಿ. 40 ಕುಣಿಕೆಯೂ ಬಲಕ್ಕೆ ಬಂದರೆ ಒಂದು ಸಾಲು ಮುಗಿಯಿತು. ಕಡ್ಡಿಗಳನ್ನು ಕೈಯಿಂದ ಕೈಗೆ ಬದಲಾಯಿಸಿ ಮತ್ತೆ ಶುರು. ಎಲ್ಲ ಸಾಲಿಗೂ ಇದೊಂದೇ ಹೆಣಿಗೆ. ಉಲ್ಟಾ ಹೆಣಿಗೆ ಈ ಮೊಲಕ್ಕೆ ಬೇಕೇ ಇಲ್ಲ. ಎರಡೂ ಮಗ್ಗುಲು ಒಂದೇ ತರ ಕಾಣುತ್ತದೆ, ಅಡ್ಡಕ್ಕೆ ದಿಂಡು ದಿಂಡಾಗಿ ಏಳುತ್ತದೆ, ಅಂಚು ಸುರುಳಿ ಸುತ್ತಿಕೊಳ್ಳುವುದಿಲ್ಲ. ಚೌಕ ಮಟ್ಟಸವಾಗಿ ಕೂರುವುದು ಇದರಿಂದಲೇ.

ಮೊದಲ ಐದಾರು ಸಾಲು ಎಲ್ಲರಿಗೂ ಕಷ್ಟ. ಕೈ ಬಿಗಿಯಾಗಿರುತ್ತದೆ, ಕುಣಿಕೆ ಕಡ್ಡಿಗೆ ಕಚ್ಚಿಕೊಳ್ಳುತ್ತದೆ, ಮೊನೆ ಒಳಗೆ ಹೋಗುವುದೇ ಇಲ್ಲ. ದಾರವನ್ನು ಪ್ರತಿ ಕುಣಿಕೆಗೂ ಜಗ್ಗಿ ಬಿಗಿ ಮಾಡುವ ಆಸೆ ಬಿಡಿ. ಕಡ್ಡಿಯ ದಪ್ಪವೇ ಕುಣಿಕೆಯ ಅಳತೆ ಕೊಡುತ್ತದೆ. ಇನ್ನೊಂದು ಮಾತು: ಹೆಣಿಗೆಯನ್ನು ಕಡ್ಡಿಯ ಚೂಪು ಮೊನೆಯ ಮೇಲಷ್ಟೇ ಮಾಡಬೇಡಿ, ಹೊಸ ಕುಣಿಕೆಯನ್ನು ಕಡ್ಡಿಯ ಪೂರ್ತಿ ದಪ್ಪ ಇರುವ ಜಾಗಕ್ಕೆ ತಂದುಕೊಳ್ಳಿ. ಮೊನೆಯ ಮೇಲೇ ಬಿಟ್ಟರೆ ಎಲ್ಲ ಸಣ್ಣದಾಗಿ ಮುಂದಿನ ಸಾಲಿನಲ್ಲಿ ಸತಾಯಿಸುತ್ತವೆ.

ಎರಡು ಮೂರು ಸಾಲಿಗೊಮ್ಮೆ ಎಣಿಸಿ. 40 ಇರಬೇಕು. 41, 42 ಆಗಿದ್ದರೆ ಹೆಚ್ಚಾಗಿ ತಪ್ಪು ಸಾಲಿನ ಶುರುವಿನಲ್ಲೇ ಆಗಿರುತ್ತದೆ. ಸಾಲು ತಿರುಗಿಸಿದಾಗ ದಾರ ಕಡ್ಡಿಯ ಮೇಲಿಂದ ಹಿಂದಕ್ಕೆ ಹೋದರೆ ಮೊದಲ ಕುಣಿಕೆ ಮೇಲೆದ್ದು ಎರಡು ಎಳೆಯಾಗಿ ಕಾಣುತ್ತದೆ, ನಾವು ಅದನ್ನು ಎರಡು ಕುಣಿಕೆ ಅಂದುಕೊಂಡು ಎರಡು ಸಲ ಹೆಣೆದುಬಿಡುತ್ತೇವೆ. ಹಾಗಾಗಿ ಪ್ರತಿ ಸಾಲಿನ ಮೊದಲು ದಾರವನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತನ್ನಿ. ನಡುವೆ ಎಲ್ಲೋ ತೂತು ಕಂಡರೆ ದಾರ ಎರಡು ಕಡ್ಡಿಗಳ ಮಧ್ಯೆ ಮುಂದಕ್ಕೆ ಬಂದಿತ್ತು ಅಂತ ಅರ್ಥ. 39 ಆಗಿದ್ದರೆ ಒಂದು ಕುಣಿಕೆ ಜಾರಿದೆ. ಗಾಬರಿಯಾಗಿ ಬಟ್ಟೆ ಎಳೆಯಬೇಡಿ, ಎಳೆದಷ್ಟೂ ಕೆಳಗೆ ಇಳಿಯುತ್ತದೆ. ಮೊದಲು ಜಾರಿದ ಕುಣಿಕೆಗೆ ಸೇಫ್ಟಿ ಪಿನ್ ಹಾಕಿ ನಿಲ್ಲಿಸಿ, ಆಮೇಲೆ ಅಲ್ಲಿವರೆಗೆ ಒಂದೊಂದೇ ಕುಣಿಕೆ ಹಿಂದಕ್ಕೆ ಬಿಚ್ಚಿ ಕಡ್ಡಿಗೆ ಸೇರಿಸಿ. ಒಂದು ಕುಣಿಕೆ ಹೆಚ್ಚಾಗಿದ್ದರೆ ಮಾತ್ರ ಬಿಚ್ಚುವ ಅಗತ್ಯ ಇಲ್ಲ, ಅಂಚಿನಲ್ಲಿ ಎರಡನ್ನು ಒಟ್ಟಿಗೆ ಹೆಣೆದು ಲೆಕ್ಕ ಸರಿ ಮಾಡಿ.

ಲೋಕಲ್‌ನಲ್ಲಿ ಹೆಣೆಯುವವರಿಗೆ ಒಂದು ಮಾತು. ಲೇಡೀಸ್ ಡಬ್ಬಿಯಲ್ಲಿ ಕೂರಲು ಜಾಗ ಸಿಕ್ಕಿದರೆ ಕಲ್ಯಾಣದಿಂದ ದಾದರ್ ತನಕ ಎಷ್ಟೋ ಸಾಲು ಆಗುತ್ತದೆ, ಆದರೆ ಕಡ್ಡಿ ಗಿಡ್ಡದ್ದಾಗಿರಲಿ, ಪಕ್ಕದವರ ಮೊಣಕೈಗೆ ತಾಗಬಾರದು. ಸ್ಟೇಷನ್ ಬಂತು ಅಂತ ಸಾಲಿನ ಮಧ್ಯೆ ನಿಲ್ಲಿಸುವುದೇ ಕುಣಿಕೆ ಜಾರಲು ದೊಡ್ಡ ಕಾರಣ. ಎರಡು ಸ್ಟೇಷನ್ ಮೊದಲೇ ಸಾಲು ಮುಗಿಸಿ, ಎರಡೂ ಮೊನೆಗೆ ರಬ್ಬರ್ ಬ್ಯಾಂಡ್ ಸುತ್ತಿ, ಬ್ಯಾಗಿಗೆ ಹಾಕಿ. ನಿಂತುಕೊಂಡು ಹೆಣೆಯುವುದು ಬೇಡ, ಜನಜಂಗುಳಿಯಲ್ಲಿ ಮೊನೆ ಯಾರಿಗೆ ತಾಗುತ್ತದೋ ಗೊತ್ತಾಗುವುದಿಲ್ಲ.

ಚೌಕ ಮುಗಿಯಿತಾ ಅಂತ ನೋಡುವುದು

ಈ ಹೆಣಿಗೆಯಲ್ಲಿ ಎರಡು ಸಾಲಿಗೆ ಒಂದು ದಿಂಡು ಬರುತ್ತದೆ. ಕುಣಿಕೆ ಎಷ್ಟೋ ದಿಂಡು ಅಷ್ಟೇ ಆದಾಗ ಹೆಚ್ಚುಕಡಿಮೆ ಚೌಕ. ಅಂದರೆ 40 ದಿಂಡು, 80 ಸಾಲು. ಅಳತೆಯಲ್ಲಿ 17-18 ಸೆಂಟಿಮೀಟರ್ ಸುತ್ತಮುತ್ತ ಇರುತ್ತದೆ, ನಿಮ್ಮ ಕೈ ಬಿಗಿಯೋ ಸಡಿಲವೋ ನೋಡಿಕೊಂಡು. ಆದರೆ ಟೇಪ್ ಬೇಡ, ಲೆಕ್ಕವೂ ಬೇಡ. ಒಂದು ಮೂಲೆಯನ್ನು ಎದುರು ಮೂಲೆಗೆ ಮಡಿಸಿ ತ್ರಿಕೋನ ಮಾಡಿ. ಅಂಚಿಗೆ ಅಂಚು ಕೂತರೆ ಚೌಕ ಆಗಿದೆ. ಕೂರದಿದ್ದರೆ ಇನ್ನೆರಡು ಸಾಲು.

ಮುಗಿಸುವಾಗ ಎರಡು ಕುಣಿಕೆ ಹೆಣೆಯಿರಿ, ಎಡಗೈ ಕಡ್ಡಿಯ ಮೊನೆಯಿಂದ ಮೊದಲನೆಯದನ್ನು ಎತ್ತಿ ಎರಡನೆಯದರ ಮೇಲಿಂದ ದಾಟಿಸಿ ಬಿಡಿ. ಕಡ್ಡಿಯ ಮೇಲೆ ಒಂದೇ ಉಳಿಯಿತು. ಮತ್ತೊಂದು ಹೆಣೆಯಿರಿ, ಮತ್ತೆ ದಾಟಿಸಿ. ಇದನ್ನು ಸಡಿಲವಾಗಿ ಮಾಡಿ, ಬಿಗಿ ಮಾಡಿದರೆ ಆ ಅಂಚು ಗಿಡ್ಡಾಗಿ ಚೌಕ ಸೊಟ್ಟಗಾಗುತ್ತದೆ. ಕೊನೆಯ ಕುಣಿಕೆಯಲ್ಲಿ ದಾರವನ್ನು ಅರ್ಧ ಮೀಟರ್ ಉದ್ದ ಬಿಟ್ಟು ಕತ್ತರಿಸಿ, ಕುಣಿಕೆಯೊಳಗೆ ಎಳೆದುಬಿಡಿ. ಹೀಗೆ ಬಿಟ್ಟ ದಾರ ಆಮೇಲೆ ಹೊಲಿಯಲು ಬೇಕು.

ಚೌಕ ಮೊಲವಾಗುವುದು

ಇಲ್ಲಿಂದ ನಿಧಾನ. ಟಿವಿ ನೋಡುತ್ತಾ ಹೆಣೆಯಬಹುದು, ಹೊಲಿಗೆ ಹಾಗಲ್ಲ. ಮೇಜಿನ ಮೇಲೆ ಚೌಕ ಹಾಸಿ. ಎಡ ಅಂಚಿನ ನಡುವಿನಿಂದ ಬಲ ಅಂಚಿನ ನಡುವಿನವರೆಗೆ ಒಂದು ಅಡ್ಡ ಗೆರೆ ಇದೆ ಅಂತ ಕಣ್ಣಲ್ಲೇ ಗುರುತು ಮಾಡಿ. ಆ ಗೆರೆಯ ಎರಡು ತುದಿಗಳಿಂದ ಮೇಲಿನ ಅಂಚಿನ ನಟ್ಟನಡುವಿಗೆ ಎರಡು ಓರೆ ಗೆರೆ. ಒಂದು ದೊಡ್ಡ ತ್ರಿಕೋನ ಆಯಿತು. ಈ ತ್ರಿಕೋನ ಮೊಲದ ತಲೆ. ಅದರ ಆಚೆ ಈಚೆ ಉಳಿದ ಮೇಲಿನ ಎರಡು ಮೂಲೆಗಳು ಕಿವಿ. ಕೆಳಗಿನ ಅರ್ಧ ಪೂರ್ತಿ ಮೈ.

ದಬ್ಬಣಕ್ಕೆ ಅದೇ ಬಣ್ಣದ ದಾರ, ಸುಮಾರು ಒಂದು ಮೀಟರ್, ತೂರಿಸಿ. ಎಳೆಯುವಾಗ ತುಂಡಾಗದ ಹಾಗೆ ಗಟ್ಟಿ ಇದೆಯಾ ಅಂತ ಒಮ್ಮೆ ಜಗ್ಗಿ ನೋಡಿ. ಈಗ ತ್ರಿಕೋನದ ಮೂರು ಗೆರೆಗಳ ಮೇಲೂ ಒಳಗೆ ಹೊರಗೆ, ಒಳಗೆ ಹೊರಗೆ ಅಂತ ಕಚ್ಚಾ ಹೊಲಿಗೆ ಹಾಕುತ್ತಾ ಬನ್ನಿ. ಪ್ರತಿ ಹೊಲಿಗೆ ಒಂದು ಸೆಂಟಿಮೀಟರ್‌ಗಿಂತ ದೊಡ್ಡದಾಗದಿರಲಿ. ಶುರುವಿನಲ್ಲಿ ಗಂಟು ಹಾಕಬೇಡಿ, ಒಂದು ಗೇಣು ದಾರ ಹೊರಗೆ ಬಿಡಿ. ಶುರು ಮಾಡಿದ ಮೂಲೆಗೇ ಬಂದು ನಿಲ್ಲಿ.

ಈಗ ಎರಡು ತುದಿಯನ್ನೂ ಹಿಡಿದು ನಿಧಾನಕ್ಕೆ ಎಳೆಯಿರಿ. ತ್ರಿಕೋನ ಚೀಲದ ಹಾಗೆ ಉಬ್ಬುತ್ತದೆ, ಮೂಲೆಗಳು ಮೇಲಕ್ಕೆದ್ದು ಕಿವಿಯಾಗಿ ನಿಲ್ಲುತ್ತವೆ. ಮಕ್ಕಳು ಪಕ್ಕದಲ್ಲಿದ್ದರೆ ಈ ಹೊತ್ತಿಗೆ ಕರೆಯಿರಿ, ಮಟ್ಟಸ ಬಟ್ಟೆಗೆ ಕಿವಿ ಮೂಡುವುದನ್ನು ಅವರು ನೋಡಬೇಕು. ಪೂರ್ತಿ ಬಿಗಿ ಮಾಡುವ ಮೊದಲು ಫೈಬರ್ ತುಂಬಿ.

ತುಂಬುವ ಕೆಲಸದಲ್ಲಿ ಅವಸರ ಮಾಡಿದರೆ ಬೊಂಬೆ ಗಂಟು ಗಂಟಾಗುತ್ತದೆ. ಫೈಬರನ್ನು ಉಂಡೆಯಾಗಿ ತುರುಕಬೇಡಿ. ಚಿಟಿಕೆ ಚಿಟಿಕೆ ತೆಗೆದು, ಬೆರಳಲ್ಲಿ ಬಿಡಿಸಿ, ಹಗುರ ಮಾಡಿ, ಮೊದಲು ಬದಿಗೆ ಆಮೇಲೆ ನಡುವಿಗೆ. ತಲೆಗೆ ಸ್ವಲ್ಪ ಜಾಸ್ತಿ ಬೇಕು, ಮಕ್ಕಳು ಹಿಡಿಯುವುದು ಕತ್ತಿನಲ್ಲೇ. ಹಳೆ ದಿಂಬಿನ ಹತ್ತಿ ಇದೆಯಲ್ಲ ಅಂತ ಅದನ್ನು ತುಂಬಬೇಡಿ: ಒಗೆದರೆ ಮುದ್ದೆ ಕಟ್ಟುತ್ತದೆ, ಮುಂಬೈಯ ಜುಲೈಯಲ್ಲಿ ಒಳಗಿನಿಂದ ಒಣಗುವುದೇ ಇಲ್ಲ, ಬೂಸಲು ವಾಸನೆ ಹಿಡಿಯುತ್ತದೆ. ತೂಕ ಬರಲಿ ಅಂತ ಅಕ್ಕಿ, ಬೇಳೆ, ರಾಗಿ ತುಂಬುವವರಿದ್ದಾರೆ. ಇಲ್ಲಿನ ತೇವಕ್ಕೆ ಹುಳ ಬೀಳುವುದು ಖಂಡಿತ, ಮಗುವಿನ ಬಾಯಿಗೆ ಹೋದರೆ ಇನ್ನೊಂದು ಫಜೀತಿ. ಬೇಡವೇ ಬೇಡ.

ತಲೆ ತುಂಬಿದ ಮೇಲೆ ದಾರ ಬಿಗಿಯಾಗಿ ಎಳೆದು ಎರಡು ಮೂರು ಗಂಟು ಹಾಕಿ, ತುದಿಗಳನ್ನು ಒಳಗೆ ಅಡಗಿಸಿ. ಹಿಂದಕ್ಕೆ ತಿರುಗಿಸಿದರೆ ಕೆಳಗಿನ ಅರ್ಧದ ಎರಡು ಬದಿಗಳು ಬೆನ್ನ ಹತ್ತಿರ ಎದುರುಬದುರಾಗಿ ಬಂದಿರುತ್ತವೆ. ಅವನ್ನು ಕತ್ತಿನಿಂದ ಕೆಳಗೆ ಒಂದಕ್ಕೊಂದು ಸೇರಿಸಿ ಹೊಲಿಯಿರಿ, ಒಂದು ಹೊಲಿಗೆ ಈ ಅಂಚಿನ ದಿಂಡಿಗೆ, ಇನ್ನೊಂದು ಆ ಅಂಚಿನ ದಿಂಡಿಗೆ. ಹೀಗೆ ದಿಂಡಿಗೆ ದಿಂಡು ಕೂಡಿಸಿದರೆ ಹೊಲಿಗೆ ಕಾಣುವುದೇ ಇಲ್ಲ. ಮೈಗೆ ಫೈಬರ್ ತುಂಬಿ. ಕೆಳಗಿನ ಬಾಯಿಯ ಸುತ್ತ ಕಚ್ಚಾ ಹೊಲಿಗೆ ಹಾಕಿ ಎಳೆದರೆ ತಳ ಮುಚ್ಚುತ್ತದೆ. ತಳಕ್ಕೆ ಮಾತ್ರ ಸ್ವಲ್ಪ ಕಡಿಮೆ ತುಂಬಿ, ಆಗ ಮೊಲ ಉರುಳದೆ ಕೂರುತ್ತದೆ.

ಕಿವಿಗಳು ಅಗಲವಾಗಿ ಕಂಡರೆ ಬುಡದಲ್ಲಿ ಒಂದು ಮಡಿಕೆ ಮಾಡಿ ಎರಡು ಹೊಲಿಗೆ ಹಾಕಿ, ನೆಟ್ಟಗಾಗುತ್ತವೆ.

ಮುಖ

ನನಗೆ ತುಂಬ ಇಷ್ಟವಾದ ಭಾಗ ಇದು. ಕಣ್ಣಿಗೆ ಗುಂಡಿ, ಮಣಿ, ಪ್ಲಾಸ್ಟಿಕ್ ಕಣ್ಣು ಏನೂ ಹಚ್ಚಬೇಡಿ. ಅದರಲ್ಲೂ ಮೂರು ವರ್ಷದೊಳಗಿನ ಮಗುವಿಗೆ ಅಂದರೆ ಖಂಡಿತ ಬೇಡ. ಹೆಣಿಗೆ ಹಿಗ್ಗುವ ಬಟ್ಟೆ, ಎಷ್ಟೇ ಗಟ್ಟಿ ಹೊಲಿದರೂ ಮಗು ಕಚ್ಚಿ ಎಳೆದರೆ ಕಿತ್ತು ಬರಬಹುದು, ಗಂಟಲಿಗೆ ಹೋಗಬಹುದು. ಕಪ್ಪು ಉಲ್ಲನ್‌ನಲ್ಲಿ ಹೊಲಿದ ಕಣ್ಣು ಬೀಳುವುದಿಲ್ಲ, ಚೆಂದವೂ ಹೌದು.

ಮೊದಲು ಎರಡು ಪಿನ್ ಚುಚ್ಚಿ ಜಾಗ ನೋಡಿ. ಕಣ್ಣು ಮೇಲೆ, ಹತ್ತಿರ ಹತ್ತಿರ ಇಟ್ಟರೆ ಮೊಲ ಸಿಟ್ಟಾದ ಹಾಗೆ ಕಾಣುತ್ತದೆ. ತಲೆಯ ಅರ್ಧಕ್ಕಿಂತ ಕೆಳಗೆ, ದೂರ ದೂರ ಇಟ್ಟರೆ ಪಾಪದ ಮುಖ ಬರುತ್ತದೆ. ಅಲ್ಲಿಂದ ಇಲ್ಲಿಗೆ ಜರುಗಿಸಿ ಎರಡು ಮೂರು ಸಲ ನೋಡಿ, ಈ ಹತ್ತು ನಿಮಿಷ ದಂಡ ಅಲ್ಲ. ಒಂದೇ ಜಾಗದ ಮೇಲೆ ನಾಲ್ಕೈದು ಸಣ್ಣ ಹೊಲಿಗೆ ಹಾಕಿದರೆ ಕಣ್ಣು. ದಾರವನ್ನು ಒಂದು ಕಣ್ಣಿನಿಂದ ಇನ್ನೊಂದಕ್ಕೆ ತಲೆಯ ಒಳಗಿಂದಲೇ ದಾಟಿಸಿ ಸ್ವಲ್ಪ ಎಳೆದರೆ ಕಣ್ಣು ಒಳಗೆ ಕೂತು ಮೂಗಿನ ಭಾಗ ಉಬ್ಬುತ್ತದೆ. ಮೂಗಿಗೆ ಮೂರು ಹೊಲಿಗೆ, ಕೆಳಗೆ ಒಂದು ಗೆರೆ. ಬಾಯಿ ಬಿಡಿಸದಿದ್ದರೂ ನಡೆಯುತ್ತದೆ. ಮುಗಿದ ಮೇಲೆ ಪಿನ್‌ಗಳನ್ನು ಎಣಿಸಿ ಡಬ್ಬಿಗೆ ಹಾಕಿ.

ಬಾಲಕ್ಕೆ ಎರಡು ಬೆರಳಿಗೆ ಉಲ್ಲನ್ 50 ಸುತ್ತು ಸುತ್ತಿ, ನಡುವೆ ಬಿಗಿಯಾಗಿ ಕಟ್ಟಿ, ಎರಡು ತುದಿ ಕತ್ತರಿಸಿ ಗುಂಡಗೆ ಟ್ರಿಮ್ ಮಾಡಿದರೆ ಕುಚ್ಚು ಸಿದ್ಧ. ಆದರೆ ಕುಚ್ಚಿನಿಂದ ಎಳೆ ಉದುರುತ್ತದೆ. ಸಣ್ಣ ಮಗುವಿಗಾದರೆ 8 ಕುಣಿಕೆಯ ಪುಟ್ಟ ಚೌಕ ಹೆಣೆದು, ಸುತ್ತ ದಾರ ಓಡಿಸಿ ಗುಂಡಿಯ ಹಾಗೆ ಎಳೆದು ಹೊಲಿದುಬಿಡಿ. ಕತ್ತಿಗೆ ರಿಬ್ಬನ್ ಕಟ್ಟುವ ಆಸೆಯಾದರೆ ಅದು ದೊಡ್ಡ ಮಕ್ಕಳ ಮೊಲಕ್ಕೆ ಮಾತ್ರ.

ನಾಮಕರಣಕ್ಕೆ ಉಡುಗೊರೆ ಕೊಡಲು ಇದಕ್ಕಿಂತ ಒಳ್ಳೆಯದು ನನಗೆ ಕಾಣುವುದಿಲ್ಲ, ಆದರೆ ಕೊಡುವಾಗ ತಾಯಿಗೆ ಒಂದು ಮಾತು ಹೇಳಿ: ವರ್ಷ ತುಂಬುವವರೆಗೆ ಮಗು ನಿದ್ದೆ ಮಾಡುವಾಗ ತೊಟ್ಟಿಲೊಳಗೆ ಮೆತ್ತನೆಯ ಬೊಂಬೆ ಇಡಬಾರದು, ಮೂಗಿಗೆ ಅಡ್ಡ ಬರಬಹುದು. ಎಚ್ಚರ ಇದ್ದಾಗ, ದೊಡ್ಡವರು ಪಕ್ಕದಲ್ಲಿದ್ದಾಗ ಆಡಲಿ.

ಒಗೆಯುವುದು ಸುಲಭ. ಉಗುರುಬೆಚ್ಚಗಿನ ನೀರು, ಸ್ವಲ್ಪ ಲಿಕ್ವಿಡ್ ಸೋಪು, ಮೆಲ್ಲಗೆ ಅದುಮಿ. ಹಿಂಡಬೇಡಿ, ಟವೆಲಿನಲ್ಲಿ ಸುತ್ತಿ ಒತ್ತಿ ನೀರು ತೆಗೆಯಿರಿ. ಕಿವಿಗೆ ಕ್ಲಿಪ್ ಹಾಕಿ ತಂತಿಗೆ ನೇತುಹಾಕಿದರೆ ಕಿವಿ ಜಗ್ಗುತ್ತದೆ, ಮಲಗಿಸಿ ಒಣಗಿಸಿ. ಮಳೆಗಾಲದಲ್ಲಿ ಫ್ಯಾನ್ ಕೆಳಗೆ ಇಟ್ಟು ಆಗಾಗ ಹೊರಳಿಸಿ, ಒಳಗೆ ಪೂರ್ತಿ ಒಣಗಿದೆ ಅಂತ ಗಟ್ಟಿಯಾಗಿ ಅದುಮಿ ನೋಡಿದ ಮೇಲೆಯೇ ಮಗುವಿಗೆ ಕೊಡಿ. ಇಸ್ತ್ರಿ ಮಾತ್ರ ಮುಟ್ಟಿಸಬೇಡಿ, ಅಕ್ರಿಲಿಕ್ ಬಿಸಿಗೆ ಚಪ್ಪಟೆಯಾಗಿ ಹೊಳಪು ಹಿಡಿಯುತ್ತದೆ, ಮತ್ತೆ ಮೊದಲಿನ ಹಾಗೆ ಆಗುವುದಿಲ್ಲ.

ಉಳಿದ ಉಲ್ಲನ್‌ನಲ್ಲಿ 30 ಕುಣಿಕೆಯ ಇನ್ನೊಂದು ಚೌಕ ಹೆಣೆದರೆ ಮರಿಮೊಲ. ಬೆಕ್ಕು ಬೇಕಾದರೆ ತ್ರಿಕೋನದ ಹೊಲಿಗೆಯೇ ಬೇಡ: ಚೌಕವನ್ನು ನಡುವಿಗೆ ಮಡಿಸಿ ಎರಡು ಬದಿ ಹೊಲಿದು, ಫೈಬರ್ ತುಂಬಿ ಮೇಲಿನ ಬಾಯಿ ಮುಚ್ಚಿ, ಮೇಲಿನ ಎರಡು ಮೂಲೆಗೂ ಓರೆಯಾಗಿ ಒಂದೊಂದು ಸಾಲು ಹೊಲಿಗೆ ಹಾಕಿ ಎಳೆದರೆ ಚೂಪು ಕಿವಿ ಎದ್ದು ನಿಲ್ಲುತ್ತವೆ. ಕತ್ತು ಇರಬೇಕಾದ ಜಾಗದಲ್ಲಿ ಸುತ್ತ ಒಂದು ದಾರ ಓಡಿಸಿ ಬಿಗಿ ಮಾಡಿ, ಮುಖಕ್ಕೆ ಮೂರು ಮೂರು ಮೀಸೆ ಹೊಲಿಯಿರಿ.